ಸುಮ್ಮನಿರಲಾರದ ನಿರ್ದೇಶಕರು

ನನಗೆ ಬಾಯಿ ಮುಚ್ಚಿಕೊಂಡು ಯಾವುದನ್ನೂ ನೋಡಲಿಕ್ಕೆ ಬರುವುದಿಲ್ಲ. ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸು ಹಿಂದೆ ಸರಿಯುತ್ತಿದ್ದರೆ, ಕಂಡಕ್ಟರ್ ಇದ್ದರೂ, ಫುಟ್‌ಪಾತಿನಿಂದ ನಾನೇ ಕೂಗುತ್ತೇನೆ. ಆಗ ಕಂಡಕ್ಟರ್ ನನ್ನನ್ನು ನೋಡುವ ನೋಟದ ವಿಚಾರ ಬೇಡ.

ಅದಕ್ಕೇ ಇರಬೇಕು, ಹಾಲಿವುಡ್ಡಿನ ಮೂಕಿ ಕಾಲದ ಒಬ್ಬ ನಗೆಚಿತ್ರ ನಿರ್ದೇಶಕನ ಕಥೆಯನ್ನು ಮೊಬೈಲಿನಲ್ಲಿ ಓದಿದಾಗ ಕಳೆದುಹೋದ ದೊಡ್ಡಪ್ಪ ಸಿಕ್ಕ ಹಾಗಾಯಿತು. ಹೆಸರು ಹೇಳಿ ಪ್ರಯೋಜನವಿಲ್ಲ. ಅವನ ಊರಿನವರೇ ಮರೆತಿದ್ದಾರೆ. ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿ, ತುತ್ತೂರಿಯಂಥ ಭೋಂಗಾ ಹಿಡಿದು, "ಈಗ ಜಾರು! ಈಗ ಬಾಗಿಲಿಗೆ ಹೊಡೆದುಕೋ! ಈಗ ಅಳು!" ಎಂದು ಅರಚುವುದೇ ಅವನ ವೃತ್ತಿ. ಚಿತ್ರಕ್ಕೆ ಧ್ವನಿಯಿಲ್ಲದ್ದರಿಂದ ಅರಚಾಟ ಯಾರಿಗೂ ಕೇಳಿಸದು. ಜನ ಬಿದ್ದವರನ್ನು ನೋಡಿ ನಕ್ಕರು, ಇವನು ವಾರಕ್ಕೊಂದು ಚಿತ್ರ ಮಾಡಿದ. ಆಮೇಲೆ ಮೈಕು ಬಂತು. ನಟರ ಮಾತಿನ ಮೇಲೆಲ್ಲ ಇವನದೇ ದನಿ. ಸುಮ್ಮನಿರು ಎಂದರು. ಕಣ್ಣೆದುರು ಒಬ್ಬ ಬೀಳುವಾಗ ಸುಮ್ಮನಿರುವುದುಂಟೆ? ಅಲ್ಲಿಗೆ ಕಸುಬು ಮುಗಿಯಿತು.

ಪಾಪ ಅಂದುಕೊಂಡೆ. ಪಾಠ ಮಾತ್ರ ಕಲಿಯಲಿಲ್ಲ.

ಮರುವಾರ ಬಿಜೈಯ ನಮ್ಮ ಮನೆಯಲ್ಲಿ ಮಗಳ ರೋಸ್; ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅದಕ್ಕೆ ಹಾಡು ಬೇಕು. ಅಪ್ಪ ತೀರಿದ ಮೇಲೆ ಹಾಡುವುದನ್ನೇ ಬಿಟ್ಟಿದ್ದ ಅಮ್ಮ ಮೊಮ್ಮಗಳಿಗೆಂದು ಒಪ್ಪಿದ್ದಳು. ರಜೆ ಸಿಗದ ತಮ್ಮ ಮೆಲ್ವಿನ್ ಕುವೈತಿನಿಂದ ಕೇಳಿದ್ದು ಒಂದೇ: "ನಂಗೆ ಊಟದ ಫೋಟೋ ಎಂತ ಬೇಡ. ಅಮ್ಮನ ಹಾಡು ಒಂದು ಸರಿಯಾಗಿ ರೆಕಾರ್ಡ್ ಮಾಡು ಮಾರಾಯ. ಇನ್ನೊಮ್ಮೆ ಹಾಡ್ತಾಳೋ ಇಲ್ವೋ."

ಅಮ್ಮ ಶುರು ಮಾಡಿದಳು, ನಾನು ಮೊಬೈಲ್ ಎತ್ತಿದೆ. ಟೈಲ್ಸಿನ ಮೇಲೆಲ್ಲ ತೆಂಗಿನ ಹಾಲು, ಅದರ ಸುತ್ತ ರೇಷ್ಮೆ ಸೀರೆಯ ಅತ್ತೆಯಂದಿರು. ನೀವೇ ಹೇಳಿ, ತಡೆದುಕೊಳ್ಳುವುದು ಹೇಗೆ?

"ಜಾರ್ತದೆ, ಜಾರ್ತದೆ! ಆಚೆ ಕಾಲಿಡಿ! ಆ ವಯರ್ ಯಾರು ಇಟ್ಟದ್ದು ಅಲ್ಲಿ?"

"ನೀವು ಮೊದಲು ನಿಮ್ಮ ಹಿಂದೆ ನೋಡಿ," ಎಂದಳು ಹೆಂಡತಿ ಗ್ರೇಸಿ.

ನೋಡಲಿಲ್ಲ. ಎಲ್ಲರನ್ನೂ ಚೌಕಟ್ಟಿನೊಳಗೆ ತರಲು ಒಂದು ಹೆಜ್ಜೆ ಹಿಂದಿಟ್ಟೆ. ಆ ಮನೆಯಲ್ಲಿ ಅಂದು ಬಿದ್ದವನು ನಾನೊಬ್ಬನೇ. ಶುಭದ ಹಾಡನ್ನು ನಡುವೆ ನಿಲ್ಲಿಸಬಾರದೆಂಬುದು ಅಮ್ಮನ ಕಟ್ಟುನಿಟ್ಟು. ಮಗ ಬಿದ್ದನೆಂದು ನಿಲ್ಲಿಸುವವಳಲ್ಲ. ನನಗೋ ಸೊಂಟ ಹಿಡಿದು ಬಾಯಿಂದ ಉಸಿರೇ ಹೊರಡಲಿಲ್ಲ.

ಆಮೇಲೆ ವಿಡಿಯೋ ಹಾಕಿ ನೋಡಿದೆ. ಮೊದಲ ಸಾಲುಗಳ ಮೇಲೆಲ್ಲ ನನ್ನದೇ ಬೊಬ್ಬೆ. ಮತ್ತೆ ಧಡ್ ಎಂಬ ಸದ್ದು. ಅಲ್ಲಿಂದ ಕೊನೆಯವರೆಗೆ ಪರದೆಯ ತುಂಬ, ನೆಲಕ್ಕೆ ಬಿದ್ದ ಮೊಬೈಲಿಗೆ ಕಂಡ, ತಿರುಗುವ ಫ್ಯಾನ್. ಇನ್ನೊಮ್ಮೆ ಹಾಡಮ್ಮ ಎಂದು ಗೋಗರೆದರೆ, "ಮದುಮಗಳು ಎಲ್ಲಿ? ಇನ್ನು ನಿನ್ನ ಫೋನಿಗೆ ರೋಸ್ ಮಾಡುದಾ?" ಎಂದಳು.

ಹೆದರುತ್ತಲೇ ಕಳಿಸಿದೆ. ಎರಡು ದಿನ ಉತ್ತರವಿಲ್ಲ. ತಮ್ಮ ಮಾತು ಬಿಟ್ಟ ಎಂದು ಒಮ್ಮೆ, ಅವನಿಗೇ ಏನೋ ಆಗಿದೆ ಎಂದು ಒಮ್ಮೆ ಚಿಂತಿಸಿದೆ. ಮೂರನೆಯ ದಿನ ವಾಯ್ಸ್ ಮೆಸೇಜ್ ಬಂತು:

"ಫ್ಯಾನ್ ಉಂಟಲ್ಲ, ಅಲ್ಲಿಂದ ಅಮ್ಮನ ಹಾಡು ಒಂದು ಶಬ್ದ ಬಿಡದೆ ಕೇಳ್ತದೆ. ಅಷ್ಟನ್ನು ಕಟ್ ಮಾಡಿ ಇಟ್ಟಿದ್ದೇನೆ, ದಿನಾ ಹಾಕ್ತೇನೆ. ನಿಂಗೆ ಸ್ವಲ್ಪ ಬೇಗ ಬೀಳ್ಲಿಕ್ಕೆ ಎಂತ ಆಗಿತ್ತು?"

ಆ ನಿರ್ದೇಶಕನನ್ನೂ ಯಾರಾದರೂ ಸರಿಯಾದ ಹೊತ್ತಿಗೆ ಕುರ್ಚಿಯಿಂದ ಬೀಳಿಸಿದ್ದರೆ, ಮಾತಿನ ಕಾಲದಲ್ಲೂ ನಾಲ್ಕು ಒಳ್ಳೆಯ ಚಿತ್ರ ಮಾಡುತ್ತಿದ್ದನೋ ಏನೋ.