ಗೌರಕ್ಕನ ನಡುಗದ ಹಲಗೆ

ಗೌರಕ್ಕ ಯಾರ ಮನೆಗೆ ಹೋದರೂ ಕೂಡುವ ಮೊದಲು ಬಗ್ಗಿ ನೆಲಕ್ಕೆ ಅಂಗೈ ಒತ್ತಿ ನೋಡುತ್ತಿದ್ದರು. ತಮಗೇ ನಮಸ್ಕಾರ ಮಾಡುತ್ತಿದ್ದಾರೆಂದು ಮನೆಯವರು ಗಾಬರಿಯಾಗಿ, "ಅಯ್ಯ ಅಕ್ಕಾರ, ಹಿರೇರು ನೀವು, ಇದೇನ್ರೀ!" ಎಂದು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಗೌರಕ್ಕ ಮಾತ್ರ, "ನಿಮ್ಮ ನೆಲ ಭಾಳ ಛಲೋ ಐತಿ, ನಡಗಂಗಿಲ್ಲ" ಎಂದು ಹೊಟ್ಟೆಕಿಚ್ಚು ಮುಚ್ಚಿಡದೆ ಹೇಳಿ ಕೂಡುತ್ತಿದ್ದರು.

ಅವರ ಮನೆಯ ನೆಲ ನಡುಗುತ್ತಿತ್ತು. ಇಳಕಲ್ಲಿನ ನೇಕಾರರ ಓಣಿ; ಗೋಡೆಯಾಚೆ, ನೆಲ ಅಗೆದು ಹೂಡಿದ ಪರಪ್ಪನ ಕುಣಿಮಗ್ಗ. ಅವನು ಮಗ್ಗ ಬಡಿದಾಗಲೆಲ್ಲ ಪೆಟ್ಟು ನೆಲದೊಳಗಿಂದ ಬಂದು ನಮ್ಮ ತಂಬಿಗೆಯ ನೀರನ್ನು ಅಲುಗಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನು ಬೇವೂರಿನಿಂದ ಅಲ್ಲಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದು, ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಗೌರಕ್ಕನ ಮನೆಯಲ್ಲಿ ಬಾಡಿಗೆಗಿದ್ದೆ. ನನಗೆ ಆ ನಡುಕ ಬೇಗ ರೂಢಿಯಾಯಿತು. ಅವರಿಗೆ ಅದು ಶತ್ರು.

ಗೌರಕ್ಕನ ತಾಯಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಮಗಳು ಇನ್ನೂ ಎದೆಹಾಲು ಕುಡಿಯುತ್ತಿದ್ದಾಗಲೇ ತೀರಿಕೊಂಡರು. ಅವರು ಮುಂಬೈಗೆ ಹೋಗಿ ಹಾಡಿಬಂದ ಒಂದೇ ಒಂದು ರೆಕಾರ್ಡು ಮನೆಯಲ್ಲಿ ಉಳಿದಿತ್ತು. ಎಷ್ಟು ಹುಡುಕಿದರೂ ಇನ್ನೊಂದು ಸಿಗಲಿಲ್ಲ. ಹಳೆಯ ಗ್ರಾಮೊಫೋನಿನ ಉಕ್ಕಿನ ಸೂಜಿ ಪ್ರತಿ ಸಲ ಓಡುವಾಗಲೂ ಗೆರೆಯನ್ನು ಸವೆಸುತ್ತದೆಂದು ತಿಳಿದ ದಿನ ಗೌರಕ್ಕ ಅದನ್ನು ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದರು. "ಕೇಳಿದಷ್ಟೂ ಅವ್ವ ಸವೀತಾಳ. ಕೇಳಲಿಲ್ಲಂದ್ರ ಇದ್ದೂ ಇಲ್ಲ. ಏನ್ ಮಾಡ್ಲಿ ಹೇಳು?" ಎನ್ನುತ್ತಿದ್ದರು.

ಕಡೆಗೆ ಬೆಳಗಾವಿಯಲ್ಲಿ ಒಬ್ಬ ಡಾಕ್ಟರರು ಊರು ಬಿಡುವಾಗ ಮಾರಿದ, ಸೂಜಿಯನ್ನು ಹಗುರವಾಗಿ ಊರುವ ವಿಲಾಯತಿ ಟರ್ನ್‌ಟೇಬಲ್ ತಂದರು. ಹಳೆಯ ರೆಕಾರ್ಡಿಗೆ ಬೇಕಾದ ದಪ್ಪ ಮೊನೆಯ ಸೂಜಿಯನ್ನು ಮುಂಬೈಯಿಂದ ತರಿಸಿದರು. ಸೂಜಿ ಹಿಡಿದ ತೋಳಿನ ಹಿಂದಿದ್ದ ತೂಕವನ್ನು ಕೂದಲೆಳೆಯಷ್ಟು ತಿರುಗಿಸಿ, ತೋಳು ತಕ್ಕಡಿಯ ದಂಡದಂತೆ ಸಮನಾಗಿ ನಿಂತ ಮೇಲೆ ಚೂರೇ ಭಾರ ಕೊಡುತ್ತಿದ್ದರು. "ಭಾರ ಹೆಚ್ಚಾದ್ರ ತಿಂತೈತಿ, ಕಮ್ಮಿ ಆದ್ರ ಕುಣೀತೈತಿ."

ಮೊದಲ ದಿನವೇ ಕುಣಿಯಿತು. ಹಾಡಿನ ನಡುವೆ ಪರಪ್ಪನ ಪೆಟ್ಟು ಬಿದ್ದು ಸೂಜಿ ಹಾರಿ ತಾಯಿಯ ರೆಕಾರ್ಡಿನ ಮೇಲೇ ಗೀರು ಎಳೆಯಿತು. ಗೌರಕ್ಕ ಅಂದು ಉಣ್ಣಲಿಲ್ಲ.

ಸುದ್ದಿ ತಿಳಿದು ಪರಪ್ಪ ಓಡಿಬಂದ. "ಅಕ್ಕಾರ, ನೀವು ಹಾಡು ಹಚ್ಚೂ ಹೊತ್ತಿಗೆ ಹೇಳ್ರಿ, ಮಗ್ಗ ನಿಂದ್ರಸ್ತೇನಿ. ಇಲ್ಲಂದ್ರ ಅಮಾಸಿ ದಿನ ಹೆಂಗೂ ಓಣ್ಯಾಗ ಮಗ್ಗ ಬಂದ್ ಇರ್ತಾವು."

"ನಿನ್ನ ಕೈ ಕಟ್ಟಿಹಾಕಿ ನಾ ಹಾಡು ಕೇಳ್ಲೇನು? ಅಮಾಸಿಗೊಮ್ಮೆ ಕೇಳಾಕ ನಮ್ಮವ್ವ ಏನ್ ಹೋಳಿಗಿನ? ನೀ ನೇಯಬೇಕು, ಆಕಿ ಹಾಡಬೇಕು. ಎರಡೂ ನಡೀಬೇಕು" ಎಂದರು ಗೌರಕ್ಕ.

ಇಳಕಲ್ಲಿನವರಿಗೆ ಯಾವ ತೊಂದರೆಗೂ ಕಲ್ಲೇ ಮದ್ದು. ಗೌರಕ್ಕನೂ ಕ್ವಾರಿಯಿಂದ ಕೆಂಪುಕಲ್ಲಿನ ದಪ್ಪ ಹಾಸು ಹೊರಿಸಿ ತಂದು ಅದರ ಮೇಲೆ ಯಂತ್ರವಿಟ್ಟರು. ಪೆಟ್ಟು ಕಲ್ಲಿನೊಳಗಿಂದ ಇನ್ನಷ್ಟು ಚೊಕ್ಕವಾಗಿ ಮೇಲೆ ಬಂತು! ಕೆಳಗೆ ಉಸುಕು ಹಾಸಿದೆವು, ಸೈಕಲ್ ಟ್ಯೂಬು ಕತ್ತರಿಸಿ ಇಟ್ಟೆವು. ತಾಯಿಯ ರೆಕಾರ್ಡು ಮತ್ತೆ ಟ್ರಂಕು ಸೇರಿತ್ತು. ಪರೀಕ್ಷೆಗೆ ಹಾಕಿದ ಬೇರೆ ರೆಕಾರ್ಡುಗಳು ಒಂದೊಂದಾಗಿ ಹಾಳಾದವು. ನಾನು ಬೇಸತ್ತು, "ಸಾಕು ಬಿಡ್ರಿ, ಅಮಾಸಿಗೇ ಕೇಳೂಣು" ಎಂದೆ. ಗೌರಕ್ಕ ನನ್ನ ಜೊತೆ ಮಾತು ಬಿಟ್ಟರು.

ಮತ್ತೆ ಬಾಯಿಬಿಟ್ಟದ್ದು ಒಂದು ಮಧ್ಯಾಹ್ನ, ಅಂಗಾತ ಮಲಗಿ ಮಾಡು ನೋಡುತ್ತಿದ್ದಾಗ. "ನೆಲಾನ ನಡಗ್ತೈತಿ ಅಂದಮ್ಯಾಲ ನೆಲ ಯಾಕ ಬೇಕು?" ಎಂದು ಎದ್ದು ಕೂತರು.

ಜಂತಿಯಲ್ಲಿ ಹಳೆಯ ಕಬ್ಬಿಣದ ಕೊಂಡಿಗಳಿದ್ದವು. ಪರಪ್ಪ ಹಗ್ಗ ಹೊಸೆದು ತಂದು ಅವುಗಳಿಂದ ಒಂದು ಹಲಗೆ ಇಳಿಬಿಟ್ಟ. ಅದು ಓಲಾಡದಿರಲೆಂದು ಆ ಕೆಂಪುಕಲ್ಲಿನ ಒಂದು ತುಂಡನ್ನು ಒಡೆಸಿ ಮೇಲಿಟ್ಟು, ಅದರ ಮೇಲೆ ಯಂತ್ರ ಕೂರಿಸಿದೆವು. ಗೌರಕ್ಕ ಗೌಂಡಿಯ ರಸಮಟ್ಟ ಇಟ್ಟು, ಒಂದೊಂದೇ ಗಂಟು ಬಿಗಿಸಿ ಸಡಿಲಿಸಿ, ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೂ ಬಿಡಲಿಲ್ಲ. ಆಮೇಲೆ ಸೀರೆ ಬಿಚ್ಚಿ ರೆಕಾರ್ಡು ಹೊರಗೆ ತೆಗೆದರು.

"ಹೋಗು ಪರಪ್ಪಾ, ಮಗ್ಗಕ್ಕ ಕುಂಡ್ರು. ದಿನಕ್ಕಿಂತ ಜೋರ್ ಬಡಿ."

ಅವನು ಬಡಿದ. ತಂಬಿಗೆಯ ನೀರು ಅಲುಗಿತು. ಹಲಗೆ ಅಲುಗಲಿಲ್ಲ. ತೆಳ್ಳಗಿನ, ಸ್ವಲ್ಪ ಮೂಗಿನಿಂದ ಬರುವ ಒಂದು ಹೆಣ್ಣುದನಿ ಮನೆ ತುಂಬಿತು. ಗೀರು ಬಿದ್ದ ಕಡೆ ಒಮ್ಮೆ ಟಕ್ ಎಂದಿತು, ಮುಂದೆ ಹೋಯಿತು. ನನಗೆ ಅಳು ತಡೆಯಲಾಗಲಿಲ್ಲ. ಗೌರಕ್ಕ ಅಳಲಿಲ್ಲ, ಕಣ್ಣೆಲ್ಲ ಸೂಜಿಯ ಮೇಲೆ. ಹಾಡು ಮುಗಿದ ಮೇಲೆ ಜಂತಿ ತೋರಿಸಿ, "ಆ ಕೊಂಡಿಗೇ ನನ್ನ ತೊಟ್ಟಲಾ ಕಟ್ಟಿದ್ರಂತ" ಎಂದರು.

ಅಲ್ಲಿಂದ ಮುಂದೆ ಅದರ ಚಾಕರಿಯೇ ಅವರ ವ್ರತವಾಯಿತು. ಓಣಿಯ ತುಂಬ ಹಾರಾಡುವ ನೂಲಿನ ಧೂಳು ಸೂಜಿಗೆ ಸುತ್ತಿಕೊಳ್ಳುತ್ತಿತ್ತು. ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಸವರುವರು. ಹಗ್ಗ ಜೋತುಬಿದ್ದರೆ ಮತ್ತೆ ರಸಮಟ್ಟ. ಬಂದವರು ಹಲಗೆ ಮುಟ್ಟಹೋದರೆ, "ತೂಗಬ್ಯಾಡ್ರಿ, ಕೂಸು ಮಲಗೇತಿ" ಎಂದು ನಗುತ್ತಿದ್ದರು.

ನನಗೆ ಬದಾಮಿಗೆ ವರ್ಗವಾಯಿತು. ಎಂಬತ್ತರ ದಶಕದ ಕೊನೆಗೆ ಅವರನ್ನು ನೋಡಲು ಹೋದೆ. ಅದೇ ಕೊನೆಯ ಭೇಟಿ. ಪರಪ್ಪನ ಮನೆಯಲ್ಲಿ ಈಗ ಪವರ್‌ಲೂಮ್. ಗೌರಕ್ಕನಿಗೆ ಕಿವಿ ಪೂರ್ತಿ ಹೋಗಿತ್ತು. ನಾನು ಕೂಗಿದ್ದೂ ಅವರಿಗೆ ತಲುಪಲಿಲ್ಲ. ಆದರೂ ಕುಂಚ ತೆಗೆದರು, ಗುಳ್ಳೆ ನೋಡಿದರು, ಹಾಡು ಹಚ್ಚಿದರು. ಹಾಡು ಮುಗಿಯುವವರೆಗೂ ಹಗ್ಗದ ಮೇಲೆ ಅಂಗೈ ಇಟ್ಟು ನಿಂತಿದ್ದರು.

"ಎಲ್ಲೂ ಹಾರಲಿಲ್ಲಲಾ?"

ಇಲ್ಲವೆಂದು ತಲೆಯಾಡಿಸಿದೆ.

"ದನಿ ಸವದೈತೇನು?"

ಇಲ್ಲವೆಂದು ಮತ್ತೆ ತಲೆಯಾಡಿಸಿದೆ.

"ಹಂಗಾರ ಕುಂಡ್ರು, ಇನ್ನೊಮ್ಮೆ ಹಚ್ಚತೇನಿ" ಎಂದು ತೋಳು ಎತ್ತಿದರು. "ಯಾರಾರ ಒಬ್ರು ಕೇಳ್ತಿರಬೇಕು."