ಇನ್ನೊಂದು ನಂಬರು

ಆ ಖೋಲಿಯ ಚಿಲಕಕ್ಕೆ ನಾಲ್ಕು ಸ್ಕ್ರೂ ಇರಬೇಕಿತ್ತು. ಒಂದು ಬಿದ್ದುಹೋಗಿತ್ತು, ಇನ್ನೊಂದು ಸಡಿಲವಾಗಿತ್ತು. ಈಗಲೂ ಹಾವೇರಿಯ ನಮ್ಮ ಮನೆಯ ಕದ ಯಾರಾದರೂ ಬಡಿದರೆ ನನ್ನ ಕಣ್ಣು ಮೊದಲು ಚಿಲಕದ ಸ್ಕ್ರೂ ಎಣಿಸುತ್ತದೆ. ಬಂದವಳು ಹಾಲಿನವಳೇ ಆಗಿರಲಿ.

ಅಕ್ಕ ಬ್ಯಾಡಗಿಯ ಗಂಡನ ಮನೆ ಬಿಟ್ಟು ರಾಣೆಬೆನ್ನೂರಿಗೆ ಬಂದು ಮೂರು ತಿಂಗಳಾಗಿತ್ತು. ಅವನು ಹೊಡೆಯುತ್ತಿದ್ದ. ಕಡೆಕಡೆಗೆ ಕೊಂದೇಬಿಡುತ್ತೇನೆ ಎನ್ನತೊಡಗಿದ್ದ. ಅಕ್ಕ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿ, ಒಂದು ಖೋಲಿ ಬಾಡಿಗೆಗೆ ಹಿಡಿದಳು. ಖೋಲಿ ಎಲ್ಲಿದೆ ಎಂಬುದು ನನಗೆ ಮತ್ತು ಮನೆಯ ಮಾಲಕಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗೂ ಹೇಳಿರಲಿಲ್ಲ, ಅವ್ವನಿಗೆ ಹೇಳಿದರೆ ಓಣಿಗೆ ಹೇಳಿದಂತೆ. ಫೋನ್ ನಂಬರು ಮಾತ್ರ ಹಳೆಯದೇ ಇತ್ತು, ಬ್ಯಾಂಕು, ಆಧಾರ್ ಎಲ್ಲ ಅದಕ್ಕೇ ಅಂಟಿಕೊಂಡಿದ್ದವು. ಗಂಡನ ನಂಬರನ್ನು ಬ್ಲಾಕ್ ಮಾಡಿದ್ದಳು. ಅಷ್ಟು ಸಾಕು ಎಂದುಕೊಂಡಿದ್ದೆವು.

ಅಷ್ಟರಲ್ಲಿ ಎರಡು ಫೋನ್ ಕಂಪನಿಗಳಿಗೆ ಒಂದಾಗುವ ಹುಕಿ ಬಂತು. ಇಬ್ಬರು ಸಾಹೇಬರು ಕೈಕುಲುಕಿ ಹಲ್ಲು ಕಿರಿದ ಫೋಟೋ ಪೇಪರಿನಲ್ಲಿ ಬಂದಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ. ಮದುವೆ ಅವರದು, ಬಳುವಳಿ ನಾವು. ನಮ್ಮ ಹೆಸರು, ವಿಳಾಸ, ಹೆಬ್ಬೆರಳಿನ ಗುರುತು ಎಲ್ಲವನ್ನೂ ಹಂಡೆ ಕೊಡಗಳಂತೆ ಗಾಡಿಗೆ ಹೇರಿ ಆಚೆಮನೆಗೆ ಸಾಗಿಸಿದರು. ಮೇಲೆ ಒಂದು ಮೆಸೇಜು: ‘ನೀವೀಗ ನಮ್ಮ ದೊಡ್ಡ ಕುಟುಂಬದ ಸದಸ್ಯರು.’ ಒಂದು ಕುಟುಂಬದಿಂದ ಜೀವ ಉಳಿಸಿಕೊಂಡು ಓಡಿಬಂದವಳಿಗೆ ಇದನ್ನು ಕಳಿಸಿದ್ದರು. ಬೆನ್ನಿಗೇ ಇನ್ನೊಂದು ಬಂತು: ಕಾಗದಪತ್ರ ತಂದು ತೋರಿಸದಿದ್ದರೆ ಲೈನು ಬಂದ್.

ಅಕ್ಕನನ್ನು ಹಾವೇರಿಯ ಅವರ ಅಂಗಡಿಗೆ ಕರೆದುಕೊಂಡು ಹೋದವಳು ನಾನೇ. ಕೌಂಟರಿನಲ್ಲಿ ಟೈ ಕಟ್ಟಿಕೊಂಡವನೊಬ್ಬ ಕೂತಿದ್ದ.

“ಈಗ ಎಲ್ಲಿ ಇರ್ತೀರಿ, ಪೂರ್ತಿ ಹೇಳ್ರಿ ಅಕ್ಕಾರ. ಮನಿ ನಂಬರು, ಓಣಿ, ಯಾವುದರ ಹಿಂದ, ಯಾವುದರ ಮುಂದ.”

“ಅಷ್ಟೆಲ್ಲಾ ಯಾಕ್ರಿ? ಮನಿಗೆ ಊಟಕ್ಕ ಬರಾವ್ರೇನು?” ಎಂದಳು ಅಕ್ಕ.

“ನಾ ಕೇಳಂಗಿಲ್ರಿ, ಕಂಪ್ಯೂಟರ್ ಕೇಳತೈತಿ.”

“ಇದನ್ನ ಮತ್ಯಾರಿಗೂ ತೋರಸೂದಿಲ್ಲಲ್ಲ?” ಎಂದೆ ನಾನು.

“ಏ, ಏನ್ ಮಾತ್ರೀ ಮೇಡಂ! ನಿಮ್ಮ ಗುಟ್ಟು ನಮ್ಮ ಹೊಟ್ಟ್ಯಾಗ.” ಅವನ ಬೆನ್ನ ಹಿಂದಿನ ಗೋಡೆಯ ಮೇಲೆ ಬೀಗದ ಚಿತ್ರವೂ ಇತ್ತು.

ಹೊರಗೆ ಬರುವಷ್ಟರಲ್ಲಿ ಅಕ್ಕನ ಫೋನಿಗೆ ಮೆಸೇಜು ಬಂತು. ‘ಮಾನ್ಯ ಗ್ರಾಹಕರೇ, ನಿಮ್ಮ ಹೊಸ ವಿಳಾಸ ದಾಖಲಾಗಿದೆ’ ಎಂದು ಹೇಳಿ ಕೆಳಗೆ ಮನೆ ನಂಬರು, ಓಣಿ, ‘ಹಿಟ್ಟಿನ ಗಿರಣಿಯ ಹಿಂದೆ’ ಎಂಬುದರವರೆಗೆ ಎಲ್ಲ ಬರೆದಿದ್ದರು. “ನೋಡಽ, ಎಷ್ಟ್ ಚಂದ ಕನ್ನಡದಾಗ ಬರದಾರ,” ಎಂದು ಅಕ್ಕ ನನಗೆ ತೋರಿಸಿದಳು.

ಐದು ದಿನದ ಮೇಲೆ ರವಿವಾರ ಬಂತು. ನಾನು ರಾಣೆಬೆನ್ನೂರಿನಲ್ಲಿ ಅಕ್ಕನ ಖೋಲಿಯಲ್ಲಿದ್ದೆ. ಮಧ್ಯಾಹ್ನ ಅವಳು ರೊಟ್ಟಿ ಬಡಿಯುತ್ತಿದ್ದಳು. ಕದ ಬಡಿದ ಸಪ್ಪಳವಾಯಿತು. ಯಾರು ಎಂದು ಕೇಳಿದೆ. “ಕೊರಿಯರ್,” ಎಂಬ ದನಿ. ಚಿಲಕ ತೆಗೆದೆ. ಗೇಣಷ್ಟು ಸಂದಿಯಲ್ಲಿ ಅಕ್ಕನ ಗಂಡನ ಮುಖ ಕಂಡಿತು, ಕೈಯಲ್ಲಿ ಟವೆಲ್ಲು ಸುತ್ತಿದ ಕುಡುಗೋಲು ಕಂಡಿತು. ಕದ ದೂಡಿ, ಚಿಲಕ ಹಾಕಿ, ಬೆನ್ನು ಕೊಟ್ಟು ನಿಂತೆ.

“ನೀ ದೂರ ಸರಿ. ನಿನ್ನ ಕೂಡ ನಂದೇನೂ ಜಗಳಿಲ್ಲ.”

“ಮಾಮಾ, ಹೊಳ್ಳಿ ಹೋಗ್ರಿ.” ಆಗಲೂ ನನ್ನ ಹಾಳು ನಾಲಿಗೆ ‘ರಿ’ ಬಿಡಲಿಲ್ಲ.

“ಮುಚ್ಚಿಟ್ರ ಸಿಗೂದಿಲ್ಲ ಅಂದ್ಕೊಂಡ್ರೇನು? ನಿಮ್ಮ ಕಂಪನಿಯವ್ರಽ ಕಳಿಸ್ಯಾರ ಪತ್ತೇನ. ಓದ್ಲಿ? ಮಾನ್ಯ ಗ್ರಾಹಕರೇ...”

ಓದಿದ. ಮನೆ ನಂಬರು, ಓಣಿ, ಗಿರಣಿಯ ಹಿಂದೆ. ಒಂದಕ್ಷರ ಬಿಡದೆ ಓದಿದ. ಆಮೇಲೆ ಒದ್ದ. ಕದದ ಸೀಳಿನಲ್ಲಿ ಕುಡುಗೋಲಿನ ತುದಿ ನನ್ನ ಕಿವಿಯ ಹತ್ತಿರ ಒಳಗೆ ಬಂದು ಹೊರಗೆ ಹೋಯಿತು. ಸಡಿಲವಿದ್ದ ಸ್ಕ್ರೂ ನೆಲಕ್ಕೆ ಬಿದ್ದ ಸಪ್ಪಳ ಕೇಳಿತು. ಅಕ್ಕ ಹಿಟ್ಟಿನ ಕೈಯಲ್ಲೇ ಜೋಳದ ಚೀಲ ಎಳೆದು ತಂದು ಕದಕ್ಕೆ ಒತ್ತಿದಳು. ಅವಳು ಅಳಲಿಲ್ಲ, ಕೂಗಲೂ ಇಲ್ಲ.

ಕೂಗಿದವಳು ಮಾಳಿಗೆಯ ಮೇಲಿದ್ದ ಮಾಲಕಿ. “ಯಾವಲೇ ಅಂವಾ, ನನ್ನ ಬಾಗಲಾ ಮುರಿಯಾಂವ? ಅದು ಸಾಗವಾನಿ ಐತಿ! ನಿನ್ನ ಎಲುಬು ಐತೇನು ಅಷ್ಟ್ ಗಟ್ಟಿ?” ಸಾಗವಾನಿಯಲ್ಲ, ಪೊಳ್ಳು ಕಟ್ಟಿಗೆ. ಆದರೆ ಅವಳು ಮೇಲಿನಿಂದ ಎತ್ತಿ ಹಾಕಿದ ರುಬ್ಬುಗುಂಡು ಮಾತ್ರ ಗಟ್ಟಿಯಿತ್ತು. ಅವನ ಹೆಗಲಿಗೆ ಬಿತ್ತು. ಗಿರಣಿಗೆ ಬಂದಿದ್ದವರು ಓಡಿಬಂದು ಅವನನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು.

ಮರುದಿನ ಹಾವೇರಿಯ ಆ ಫೋನ್ ಅಂಗಡಿಗೆ ಹೋದೆ. ಮ್ಯಾನೇಜರು ಚಹಾ ತರಿಸಲೇ ಎಂದು ಕೇಳಿದ. ನಾನು ಯಾರು, ಏನು ಎಂದು ಕೇಳಲಿಲ್ಲ. ಅಕ್ಕನ ನಂಬರು ಹೇಳಿದ್ದೇ ತಡ, ಅವಳ ಜಾತಕವನ್ನೆಲ್ಲ ಪರದೆಯ ಮೇಲೆ ಬಿಚ್ಚಿ ನನ್ನ ಕಡೆ ತಿರುಗಿಸಿದ.

“ಹಳೇ ಕಂಪನಿಯವ್ರು ಕೊಟ್ಟದ್ದು ಹಂಗಽ ಬಂದೈತ್ರಿ. ವಿಳಾಸ ಬದಲಾದ್ರ ಎರಡೂ ನಂಬರಿಗೆ ಮೆಸೇಜ್ ಹೋಗೂದು ನಿಯಮ. ಇಲ್ನೋಡ್ರಿ, ಇನ್ನೊಂದು ನಂಬರು, ಗಂಡಂದು. ಬರದವ್ರು ನಿಮ್ಮ ಮನ್ಯಾವ್ರಽ.”

ಪರದೆಯ ಮೇಲಿದ್ದ ಹಳೆಯ ಫಾರ್ಮಿನ ಪ್ರತಿಯಲ್ಲಿ ಅಕ್ಷರ ನನ್ನದು. ಅಕ್ಕನ ಮದುವೆಯಾದ ವಾರ ಬ್ಯಾಡಗಿಯಲ್ಲಿ ಅವಳಿಗೆ ಸಿಮ್ ತೆಗೆಸಿದಾಗ ಫಾರ್ಮು ತುಂಬಿದವಳು ನಾನು, ಮನೆಯಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ ಎಂಬ ಗತ್ತಿನಲ್ಲಿ. ನಮ್ಮ ಕಡೆ ಹೆಂಗಸಿನ ಫಾರ್ಮಿನಲ್ಲಿ ಆ ಜಾಗಕ್ಕೆ ಗಂಡನ ನಂಬರನ್ನು ಕುಂಕುಮದಷ್ಟೇ ಸಲೀಸಾಗಿ ಇಡುತ್ತೇವೆ. ಅಕ್ಕ “ಅಪ್ಪಂದು ಬರಿ,” ಎಂದಿದ್ದಳು. “ಮದುವಿ ಆತಲ್ಲ, ಇನ್ನ ಮಾಮಾಂದಽ,” ಎಂದು ನಕ್ಕು ಬರೆದಿದ್ದೆ. ನನ್ನ ಡಿಗ್ರಿಗೆ ಬೆಂಕಿ ಬೀಳಲಿ. ಆದರೆ ನನ್ನ ದಡ್ಡತನವನ್ನು ಇಷ್ಟು ವರ್ಷ ಜೋಪಾನ ಮಾಡಿ, ಕಂಪನಿಯಿಂದ ಕಂಪನಿಗೆ ಕೆಡದಂತೆ ದಾಟಿಸಿದವರಿಗೆ ಏನೆನ್ನಬೇಕು? ಕರೆ ಕಡಿದುಹೋಗುವುದನ್ನು ತಡೆಯಲು ಬಾರದವರು ಇದೊಂದನ್ನು ಕಡಿಯದೆ ತಲುಪಿಸಿದರು.

ಸಂಜೆ ನನ್ನ ಫೋನಿಗೆ ಮೆಸೇಜು ಬಂತು: ‘ಇಂದಿನ ನಮ್ಮ ಸೇವೆಗೆ ಎಷ್ಟು ನಕ್ಷತ್ರ?’ ಮ್ಯಾನೇಜರಿಗೆ ನಾನು ನನ್ನ ನಂಬರು ಕೊಟ್ಟೇ ಇರಲಿಲ್ಲ.

ಗಂಡ ಜಾಮೀನಿನ ಮೇಲೆ ಹೊರಗೆ ಬರುವ ಮೊದಲೇ ಅಕ್ಕನ ಊರು ಬದಲಾಯಿತು. ಅಲ್ಲಿ ಹೊಸ ಸಿಮ್ ಕೊಳ್ಳಲು ಹೋದಾಗ ಅಂಗಡಿಯವನು, “ಇನ್ನೊಂದು ನಂಬರು ಹೇಳ್ರಿ. ನಿಮ್ಮ ಮನಿಯವ್ರದು?” ಎಂದ.

“ಇಲ್ಲ.”

“ಅದಿಲ್ದ ಮುಂದ ಹೋಗೂದಿಲ್ರಿ ಇದು.”

ನನ್ನ ನಂಬರು ಕೊಡಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದಳು. “ನಿಂದು ಹಿಡದ ನನ್ನ ಹುಡುಕ್ತಾನ,” ಎಂದು ಮೆಲ್ಲಗೆ ಹೇಳಿ, ಅಂಗಡಿಯವನತ್ತ ತಿರುಗಿದಳು. “ಹಂಗಾರ ಸಿಮ್ಮು ನೀವಽ ಇಟ್ಕೋರಿ.”

ಈಗ ಅವಳ ಬಳಿ ಫೋನಿಲ್ಲ. ಹದಿನೈದು ದಿನಕ್ಕೊಮ್ಮೆ ನನ್ನ ಫೋನನ್ನು ಮನೆಯಲ್ಲೇ ಇಟ್ಟು, ಬಸ್ಸು ಹತ್ತಿ ಅವಳನ್ನು ನೋಡಿಬರುತ್ತೇನೆ. ಹೋಗಿ ಕದ ಬಡಿದಾಗ ಒಳಗಿನಿಂದ ಅವಳು ಯಾರು ಎಂದು ಕೇಳುವುದಿಲ್ಲ. ನಾನೇ ಮಾತಾಡುವವರೆಗೂ ಸುಮ್ಮನಿರುತ್ತಾಳೆ. ಆ ಊರು ಯಾವುದು ಎಂದು ಇಲ್ಲಿ ಬರೆಯುವುದಿಲ್ಲ.