ದುಬೈ ವಿಮಾನವನ್ನು ನಾನು ಐದೂವರೆಗೆ ಇಳಿಸಿದ್ದು

ನೀವು ನಂಬಲಿಕ್ಕಿಲ್ಲ, ಆದರೂ ಹೇಳುತ್ತೇನೆ: ಅರಬ್ಬೀ ಸಮುದ್ರ ದಾಟುವ ವಿಮಾನವೊಂದನ್ನು ನಾನು ಗೋಕಾಕದಲ್ಲಿ ಕುಳಿತೇ ಮೂರು ತಾಸು ಮೊದಲು ಇಳಿಸಿದ್ದೇನೆ.

ಕಳೆದ ಬೇಸಿಗೆಯಲ್ಲಿ, ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಕಾಕಾನ ಆನ್‌ಲೈನ್ ಸೆಂಟರಿನಲ್ಲಿ ನಾನು ವಿಮಾನ ವಿಭಾಗದ ಮುಖ್ಯಸ್ಥನಾಗಿದ್ದೆ. ಹುದ್ದೆ ನಾನೇ ಕೊಟ್ಟುಕೊಂಡದ್ದು. ವಿಭಾಗವೆಂದರೆ ಒಂದು ಕುರ್ಚಿ, ಒಂದು ಕಂಪ್ಯೂಟರ್, ಎದುರಿಗೆ ಹೊಲದ ಉತಾರ, ಅಂದರೆ ಪಹಣಿ, ತೆಗೆಸಲು ನಿಂತವರ ಸಾಲು.

ಅಂಕಲಗಿಯ ಶಾಂತವ್ವ ಬಂದರು. ಮಗಳ ಮದುವೆ, ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವುದು ಮಧ್ಯಾಹ್ನ ಹನ್ನೆರಡು ಮೂವತ್ತೈದಕ್ಕೆ. ಆ ಹೊತ್ತಿಗೆ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ಇದ್ದವನೊಬ್ಬನೇ, ದುಬೈಯಲ್ಲಿ ಕ್ರೇನ್ ನಡೆಸುವ ಮಹಾಂತೇಶ. ಅವನು ಆಗ ಅವರ ಫೋನಿನ ಸ್ಪೀಕರಿನಲ್ಲೇ ಇದ್ದ.

"ಮದಿವಿ ದಿನಾ ನಸುಕಿನ್ಯಾಗ ನಾಕಕ್ಕ ಗೋವಾಕ್ಕ ಒಂದ ವಿಮಾನ ಐತಂತ. ಹಿಂದಿನ ದಿನಾನೂ ಒಂದೈತಿ. ಯಾವದ ಹಿಡೀಲಿ, ತಮ್ಮಾ?" ಎಂದರು ಶಾಂತವ್ವ.

ದುಬೈನಿಂದ ಗೋವಾ ಸುಮಾರು ಎರಡು ಸಾವಿರ ಕಿಲೋಮೀಟರ್, ಮೂರು ತಾಸಿನ ಹಾರಾಟ. ಎರಡೂ ಕಡೆಯ ಗಡಿಯಾರಕ್ಕೆ ಒಂದೂವರೆ ತಾಸಿನ ಅಂತರ. ನಾಲ್ಕಕ್ಕೆ ಮೂರು ಕೂಡಿಸಿ, ಒಂದೂವರೆ ಕಳೆದೆ. ಎಲ್ಲ ಬಾಯಿಲೆಕ್ಕ.

"ಮದಿವಿ ದಿನದ್ದಽ ಸಾಕ ಕಾಕೂ. ಐದೂವರಿಗಿ ಗೋವಾ, ಹತ್ತೂವರಿಗಿ ಅಂಕಲಗಿ!"

"ಲೇ, ಇಲ್ಲಿ ಗೋವಾ ಮುಟ್ಟೂದು ಎಂಟೂವರಿ ಅಂತ ತೋರಸಾಕತ್ತೈತಿ," ಎಂದ ಮಹಾಂತೇಶ.

"ಮಾಮಾ, ಬಸ್ಸಿನವ್ರು ಕಡಿಮಿ ಹೇಳಿ ತಡಾ ಮಾಡ್ತಾರ. ವಿಮಾನದವ್ರು ಹೆಚ್ಚಿಗಿ ಬರದು ಲಗೂ ಇಳಸ್ತಾರ. ಹೆಸರ ಬರಬೇಕಲ್ಲ!"

ಉತಾರದ ಸಾಲು ನಕ್ಕಿತು. ನಗು ಮುಗಿಯುವವರೆಗೆ ನಾನು ಗತ್ತಿನಿಂದ ಕಾದೆ. ಮಹಾಂತೇಶನೂ ಒಪ್ಪಿದ.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ, ನಾನು ಗೊತ್ತುಮಾಡಿದ್ದ ಕಾರಿನ ಡ್ರೈವರ್ ಗೋವಾದಿಂದ ಫೋನ್ ಮಾಡಿದ: "ಐದರಿಂದ ನಿಂತೀನೋ. ಎಲ್ಲಿ ನಿನ್ನ ಮಾಮಾ?"

ಕಂಪ್ಯೂಟರಿನಲ್ಲಿ ನೋಡಿದೆ. ವಿಮಾನ ಇನ್ನೂ ನೀರಿನ ಮೇಲಿತ್ತು. ಆಗ ಹೊಳೆಯಿತು: ನಮ್ಮ ಗಡಿಯಾರ ದುಬೈಗಿಂತ ಮುಂದೆ, ಒಂದೂವರೆ ಕಳೆಯಬೇಕಾದದ್ದಲ್ಲ, ಕೂಡಿಸಬೇಕಾದದ್ದು. ಪರದೆಯ ಮೇಲಿನ ಆ ಪುಟ್ಟ ವಿಮಾನವನ್ನು ಬೆರಳಿನಿಂದ ತಳ್ಳಿಯೂ ನೋಡಿದೆ. ಸಮುದ್ರದ ಮೇಲೆ ಸಿಟ್ಟು ಬಂತು, ಭೂಮಿ ತಿರುಗುವುದರ ಮೇಲೂ ಬಂತು. ಸರಿಯಾಗಿ ಎಂಟೂವರೆಗೆ ಇಳಿಯಿತು. ಆ ಶಿಸ್ತಿಗೆ ಮೈಯೆಲ್ಲ ಉರಿಯಿತು.

ಹೊರಬರಲು ಒಂದು ತಾಸು, ಘಟ್ಟ ಹತ್ತಿ ಅಂಕಲಗಿಗೆ ನಾಲ್ಕು ತಾಸು. ಒಂದೂವರೆಗಿಂತ ಮೊದಲು ಸಾಧ್ಯವೇ ಇರಲಿಲ್ಲ. ಶಾಂತವ್ವನಿಗೆ ಫೋನ್ ಮಾಡಿದೆ.

"ಕಾಕೂ, ಮದಿವಿ ಮಾಡ್ಸೂ ಅಯ್ಯನವರಿಗೆ ಹೇಳಿ ಒಂದ ತಾಸ ನಿಂದರಸ್ರಿ."

"ಮುಹೂರ್ತ ಏನ್ ಕುಲಗೋಡ ಬಸ್ಸೇನೋ, ಕೈ ಮಾಡಿ ನಿಂದರಸಾಕ!"

ಹನ್ನೆರಡೂವರೆಗೆ ಕಾರು ಬೆಳಗಾವಿಯನ್ನೂ ದಾಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಶಾಂತವ್ವನೇ ಫೋನ್ ಮಾಡಿದರು. ಬೈಯುತ್ತಾರೆಂದು ಜವಾಬು ಜೋಡಿಸಿಕೊಂಡಿದ್ದೆ. ಬೈಯಲಿಲ್ಲ.

"ಅಕ್ಕಿಕಾಳ ಬೀಳೂ ಮುಂದ ಹುಡುಗಿ ಹಿಂದ ಹೊಳ್ಳಿ ನೋಡಿದ್ಲು, ತಮ್ಮಾ. ಯಾರೂ ಇರಲಿಲ್ಲ."

ಟಿಕೆಟ್ಟಿನಲ್ಲಿ ಅಚ್ಚಾದ ವೇಳೆ ಯಾರ ಅಭಿಪ್ರಾಯವೂ ಅಲ್ಲ ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಆದರೂ ಉತಾರದ ಸಾಲಿಗೆ, ಎದುರುಗಾಳಿ ಬೀಸಿತ್ತೆಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ಒಳಗೆ ಬಂದ. ಕಾಕಾ ಎಲ್ಲವನ್ನೂ ಅವನಿಗೆ ಹೇಳಿಬಿಟ್ಟಿದ್ದ.

"ಏಳ ಮ್ಯಾಲೆ. ಗಾಡಿ ಕೀಲಿ ಕೊಡು. ಅಂಕಲಗಿಗೆ ಹೋಗೂಣು ನಡಿ, ಆ ಹುಡುಗಿ ಮುಂದ ನಿಂತು ನಿನ್ನ ಲೆಕ್ಕಾ ಹೇಳು."

ಬೈಕು ಚಾಲೂ ಮಾಡುತ್ತ ಕೇಳಿದ: "ಎಷ್ಟೊತ್ತಿಗಿ ಮುಟ್ಟತೇವಿ?"

ನನಗೆ ಗೊತ್ತಿತ್ತು. ಹೇಳಲಿಲ್ಲ.